ಬರ ತಡೆಯೋ ಗಿಡಕ್ಕೆ ಬಾಯಾರಿಕೆ ಇಲ್ವಾ?

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಂದು ಹುಲ್ಲುಹಾಸು ಇತ್ತು. 2024ರ ಮಾರ್ಚ್‌ವರೆಗೆ ಇತ್ತು. ಆ ತಿಂಗಳು ಬೆಂಗಳೂರಲ್ಲಿ ಇದ್ದವರಿಗೆ ಜಾಸ್ತಿ ಹೇಳೋದು ಬೇಡ. ಬೋರ್‌ವೆಲ್‌ಗಳು ಬತ್ತಿದ್ದವು, ಟ್ಯಾಂಕರ್‌ನವರು ಫೋನ್ ಎತ್ತುತ್ತಿರಲಿಲ್ಲ, ಕುಡಿಯೋ ನೀರನ್ನ ಕಾರು ತೊಳೆಯೋಕೆ, ಗಾರ್ಡನ್‌ಗೆ ಬಳಸಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಹುಲ್ಲು ಮೊದಲು ಹಳದಿಯಾಯ್ತು, ಆಮೇಲೆ ಬಣ್ಣವೇ ಇಲ್ಲದ ಹಾಗಾಯ್ತು. ಅಸೋಸಿಯೇಷನ್ ಮೀಟಿಂಗಲ್ಲಿ ಯಾರೋ, ಇನ್ಮೇಲೆ ಹುಲ್ಲು ಬೇಡ, ಡ್ರೈ ಗಾರ್ಡನ್ ಮಾಡೋಣ ಅಂದರು. ಇನ್ನೊಬ್ಬರು ನನ್ನ ಕಡೆ ತಿರುಗಿ, ‘ನೀವು ಹಳ್ಳಿಯವರಲ್ವಾ, ನೀವೇ ನೋಡ್ಕೊಳ್ಳಿ’ ಅಂದರು. ನಾನು ಓದಿದ್ದು ಬಿಇ, ಹದಿಮೂರು ವರ್ಷದಿಂದ ಮುಟ್ಟಿದ್ದು ಕೀಬೋರ್ಡು. ಆದರೆ ಹಳ್ಳಿಯವನು ಅನ್ನೋದು ಒಂಥರಾ ಡಿಗ್ರಿ. ಅದನ್ನ ಬೇಡ ಅಂತ ವಾಪಸ್ ಕೊಡೋಕೆ ಆಗಲ್ಲ.

ಗಾರ್ಡನ್ ಡಿಸೈನ್ ಮಾಡೋರು ಒಂದು ಎಕ್ಸೆಲ್ ಶೀಟ್ ಕಳಿಸಿದರು. ಗಿಡದ ಹೆಸರು, ಎತ್ತರ, ಬೆಲೆ, ಆಮೇಲೆ ಎರಡು ಕಾಲಂ: ‘ವಾಟರ್’, ‘ಮೇಂಟೆನೆನ್ಸ್’. ಎರಡರಲ್ಲೂ ಮೇಲಿಂದ ಕೆಳಗಿನ ತನಕ ಒಂದೇ ಪದ, ‘ಲೋ’. ಸೆಲ್ ಹಿಡಿದು ಕೆಳಗೆ ಎಳೆದುಬಿಟ್ಟಿದ್ದಾರೆ ಅಂತ ನೋಡಿದ ತಕ್ಷಣ ಗೊತ್ತಾಯ್ತು. ನಾನೂ ಅದೇ ಕೆಲಸ ಮಾಡೋನು, ನನಗೆ ಗೊತ್ತಾಗದೆ ಇರುತ್ತಾ. ಆದರೂ ಸುಮ್ಮನಿದ್ದೆ. ‘ಲೋ’ ಅಂತ ಓದೋಕೆ ನಮಗೆಲ್ಲ ಹಿತವಾಗಿತ್ತು.

ಜೂನ್‌ನಲ್ಲಿ ಗಿಡಗಳು ಬಂದವು. ದೂರದಿಂದ ನೋಡಿದರೆ ಎಲ್ಲ ಒಂದೇ ಜಾತಿ ಅನ್ನಬೇಕು. ಕೆಳಗೆ ಬೋಳು ಕಾಂಡ, ತುದಿಯಲ್ಲಿ ತಾವರೆ ಅರಳಿದ ಹಾಗೆ ಸುತ್ತಲೂ ಎಲೆ. ಈ ಸುತ್ತಿಗೆ ರೋಸೆಟ್ ಅಂತಾರೆ. ಯಾರೋ ಒಂದು ಕೋಲು ನೆಟ್ಟು ಅದರ ತಲೆ ಮೇಲೆ ಕತ್ತಾಳೆ ಗಿಡ ಇಟ್ಟ ಹಾಗೆ ಕಾಣ್ತಿತ್ತು. ನಾನು ಮನಸ್ಸಲ್ಲೇ ಎಲ್ಲಕ್ಕೂ ಕತ್ತಾಳೆ ಅಂತಲೇ ಹೆಸರಿಟ್ಟೆ.

ಅದಕ್ಕೆ ಕಾರಣ ಇದೆ. ನಮ್ಮೂರು ನಂಜನಗೂಡು ತಾಲ್ಲೂಕು, ನಮ್ಮವ್ವನ ತವರು ತಿ. ನರಸೀಪುರ ತಾಲ್ಲೂಕು, ತಲಕಾಡಿನ ಕಡೆ. ಬೇಸಿಗೆ ರಜೆ ಅಂದರೆ ನನಗೆ ತಾತನ ಮನೆ. ಆ ಭಾಗದಲ್ಲಿ ಕಾಲುವೆಯ ಕೆಳಗೆ ಭತ್ತ, ಕಾಲುವೆಯ ಮೇಲೆ ಹುರಳಿ. ನಡುವೆ ಒಂದು ಮಾರು ಅಗಲದ ಏರಿ ಅಷ್ಟೇ ಇರುತ್ತೆ. ತಾತನ ಹೊಲ ಮೇಲಿನದು, ಬರೀ ಮರಳು ಮಣ್ಣು. ಹೊಲದ ಸುತ್ತ ಕತ್ತಾಳೆ ಬೇಲಿ. ಅದರ ಎಲೆ ಮೇಲೆ ಅದರದೇ ಮುಳ್ಳಿಂದ ನನ್ನ ಹೆಸರು ಗೀಚಿದ್ದೆ. ಮುಂದಿನ ವರ್ಷ ಹೋದಾಗ ಹೆಸರು ಬೆಳ್ಳಗೆ ಗಾಯದ ಹಾಗೆ ಉಳಿದಿತ್ತು, ಎಲೆ ಬೆಳೆದಂತೆ ಅಕ್ಷರವೂ ಅಗಲವಾಗಿತ್ತು.

ಕತ್ತಾಳೆ ನಮ್ಮ ನೆಲದ್ದಲ್ಲ, ಮೆಕ್ಸಿಕೋದ್ದು ಅಂತ ನನಗೆ ಗೊತ್ತಾಗಿದ್ದು ಬೆಂಗಳೂರಿಗೆ ಬಂದ ಮೇಲೆ. ತಾತನಿಗೆ ಹೇಳಿದ್ದರೆ ನಗ್ತಿದ್ದರು. ಅವರ ಕೈಗೆ ಅದು ದನದ ಕಣ್ಣಿ, ಬಾವಿ ಹಗ್ಗ, ಮೂಗುದಾರ. ಎಲೆ ಕೊಯ್ದು ಕಟ್ಟು ಕಟ್ಟಿ, ಮೇಲೆ ಕಲ್ಲು ಹೇರಿ ಕೆರೆಯಲ್ಲಿ ಮುಳುಗಿಸಿ, ವಾರಗಟ್ಟಲೆ ಕೊಳೆಸಿ, ಆಮೇಲೆ ಎತ್ತಿ ಬಡಿದು ನಾರು ತೆಗೀತಿದ್ದರು. ಆ ವಾಸನೆ ಮೂಗಿಗೆ ಬಿದ್ದವರು ಮರೆಯೋ ಹಾಗಿಲ್ಲ. ರಸ ತಾಗಿದರೆ ಮೈಯೆಲ್ಲ ಕಡಿತ. ಎಲೆಯೊಳಗೆ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಅವು ಚರ್ಮಕ್ಕೆ ಚುಚ್ಚೋದು. ಬಡಿಯೋ ಕೆಲಸ ಹೆಣ್ಣುಮಕ್ಕಳದು. ಅವ್ವ ಹತ್ತು ವರ್ಷಕ್ಕೇ ಬಡೀತಿದ್ದಳಂತೆ.

ಇರಲಿ, ತೋಟಕ್ಕೆ ಬರ್ತೀನಿ. ಕತ್ತಾಳೆ ಅಂತ ನಾನು ಒಂದೇ ಹೆಸರಿಟ್ಟ ಗಿಡಗಳು ನಿಜವಾಗಿ ನಾಲ್ಕು ಬೇರೆ ಬೇರೆ ಜಾತಿಯವು. ಗುರುತು ಹಿಡಿಯೋದು ಕಷ್ಟ ಅಲ್ಲ. ಮೊಬೈಲಲ್ಲಿ ಫೋಟೋ ತೆಗೆಯೋ ಬದಲು ಒಂದು ಎಲೆಯ ತುದಿ ಮುರಿದು ನೋಡಬೇಕು. ಲೋಳೆಸರದ ಜಾತಿ, ಅಂದರೆ ಅಲೋ, ಪಟ್ಟಂತ ಮುರಿಯುತ್ತೆ. ಒಳಗೆ ಲೋಳೆ, ಸಿಪ್ಪೆಯ ಹತ್ತಿರ ಹಳದಿ ಕಹಿ ರಸ. ಅಲೋಗಳಲ್ಲಿ ಮರದಂತೆ ಕಾಂಡ ಬಿಡೋವೂ ಇವೆ, ನಮ್ಮಲ್ಲಿಗೆ ಬಂದಿದ್ದು ಅಂಥದ್ದು. ಕತ್ತಾಳೆ, ಅಂದರೆ ಅಗೇವ್, ಮುರಿಯೋಕೆ ಬಿಡಲ್ಲ, ನಾರು ಹಿಡಕೊಳ್ಳುತ್ತೆ. ತುದಿಯಲ್ಲಿ ಸೂಜಿ ಮುಳ್ಳು. ಇನ್ನೊಂದು ಚಂದದ ಗುರುತಿದೆ: ಅಗೇವ್ ಎಲೆಗಳು ಮೊಗ್ಗಲ್ಲಿ ಒಂದನ್ನೊಂದು ಅಷ್ಟು ಬಿಗಿಯಾಗಿ ಒತ್ತಿಕೊಂಡಿರುತ್ತವೆ ಅಂದರೆ, ಪಕ್ಕದ ಎಲೆಯ ಹಲ್ಲಿನ ಅಚ್ಚು ಈ ಎಲೆಯ ಮೇಲೆ ಕೊನೆತನಕ ಉಳಿಯುತ್ತೆ. ಬೆಳಕಿಗೆ ಹಿಡಿದರೆ ಕಾಣುತ್ತೆ. ಯುಕ್ಕಾ ಮೂರನೇದು. ಅದರ ಎಲೆ ತೆಳು, ಒಳಗೆ ಹೇಳಿಕೊಳ್ಳುವಷ್ಟು ನೀರಿಲ್ಲ, ಕಾಂಡ ಮಾತ್ರ ನಿಜವಾದ ಮರದ ಹಾಗೆ ಗಟ್ಟಿ.

ಹೂವು ಬಿಟ್ಟಾಗಂತೂ ಅನುಮಾನವೇ ಉಳಿಯಲ್ಲ. ಅಲೋ ವರ್ಷ ವರ್ಷ ಎಲೆ ಸಂದಿಯಿಂದ ಹೂವಿನ ಕಡ್ಡಿ ಎತ್ತುತ್ತೆ, ಏನೂ ಆಗದ ಹಾಗೆ ಬದುಕುತ್ತೆ. ಅಗೇವ್ ಹತ್ತೋ ಇಪ್ಪತ್ತೋ ವರ್ಷ ಕಾದು ನಡುವಿನಿಂದ ಒಂದೇ ಸಲ ಕಂಬದಂಥ ಹೂಗೊಂಚಲು ಎತ್ತಿ ಸಾಯುತ್ತೆ. ಆ ಕಂಬ ಕಡಿದರೆ ಗಿಡ ಉಳಿಯುತ್ತೆ ಅಂತ ಕೆಲವರು ಕಡೀತಾರೆ, ಉಳಿಯಲ್ಲ. ಯುಕ್ಕಾ ತುದಿಯಲ್ಲಿ ಹೂ ಬಿಡುತ್ತೆ, ಆದರೆ ಸಾಯಲ್ಲ. ತುದಿ ಮುಗಿದಿದ್ದಕ್ಕೆ ಪಕ್ಕದಿಂದ ಕವಲೊಡೆಯುತ್ತೆ. ಕ್ಯಾನರಿ ದ್ವೀಪಗಳ ಡ್ರ್ಯಾಗನ್ ಮರವೂ ಹಾಗೇ. ಅದರ ಕಾಂಡದಲ್ಲಿ ಬೇರೆ ಮರಗಳ ಹಾಗೆ ವರ್ಷದ ಉಂಗುರ ಇಲ್ಲ. ಎಷ್ಟು ಸಲ ಕವಲಾಗಿದೆ ಅಂತ ಎಣಿಸಿ ವಯಸ್ಸು ಅಂದಾಜು ಮಾಡ್ತಾರೆ.

ನಾಲ್ಕನೇದೇ ನನ್ನ ಕಥೆಯ ಗಿಡ. ಎಯೋನಿಯಂ ಅರ್ಬೋರಿಯಂ. ಅರ್ಬೋರಿಯಂ ಅಂದರೆ ಮರದಂಥದ್ದು ಅಂತ. ಇದೂ ಕ್ಯಾನರಿ ದ್ವೀಪಗಳದ್ದೇ. ಬೆರಳು ದಪ್ಪದ ಕವಲುಗಳು, ಪ್ರತಿ ಕವಲಿನ ತುದಿಯಲ್ಲೂ ಒಂದು ರೋಸೆಟ್. ನಮ್ಮದು ಕಡು ನೇರಳೆ ಬಣ್ಣದ್ದು, ಬಿಸಿಲಲ್ಲಿ ಕಪ್ಪು ಗುಲಾಬಿಯ ಹಾಗೆ ಕಾಣೋದು. ಮುಳ್ಳಿಲ್ಲ, ನಾರಿಲ್ಲ, ಮುಟ್ಟಿದರೆ ತಣ್ಣಗೆ. ಇಡೀ ತೋಟದಲ್ಲಿ ಎಲ್ಲರೂ ಫೋಟೋ ತೆಗೆದುಕೊಳ್ತಿದ್ದಿದ್ದು ಅದರ ಮುಂದೆ.

ಚಳಿಗಾಲದಲ್ಲಿ ಅದು ಭರ್ಜರಿಯಾಗಿ ಬೆಳೀತು. 2025ರ ಏಪ್ರಿಲ್ ಬಂತು. ಕೆಳಗಿನ ಎಲೆಗಳು ಉದುರೋಕೆ ಶುರುವಾದವು. ಅರಳಿದ ರೋಸೆಟ್‌ಗಳು ಮುಷ್ಟಿ ಕಟ್ಟಿದ ಹಾಗೆ ಮುಚ್ಚಿಕೊಂಡವು. ಬಾಯಾರಿದೆ ಅಂತ ನೀರು ಹಾಕಿಸಿದೆ. ಇನ್ನಷ್ಟು ಎಲೆ ಉದುರಿತು. ಇನ್ನಷ್ಟು ನೀರು. ಮೇ ಎರಡನೇ ವಾರದಲ್ಲಿ ಬೆಳಿಗ್ಗೆ ಹೋಗಿ ಮುಟ್ಟಿದರೆ ಕಾಂಡ ಕೈಯಲ್ಲೇ ಪಿಚಕ್ ಅಂತು. ಮೂಗಿಗೆ ಬಂದಿದ್ದು ತಾತನ ಕೆರೆಯ ವಾಸನೆ.

ಅದು ಬಾಯಾರಿರಲಿಲ್ಲ, ಮಲಗಿತ್ತು. ಅದರ ಊರಲ್ಲಿ ಮಳೆ ಬರೋದು ಚಳಿಗಾಲದಲ್ಲಿ. ಬೇಸಿಗೆ ಬಂದರೆ ಎಲೆ ಉದುರಿಸಿ, ಮುಚ್ಚಿಕೊಂಡು, ನಿದ್ದೆ ಹೋಗುತ್ತೆ. ನಿದ್ದೆಯಲ್ಲಿದ್ದವರ ಬಾಯಿಗೆ ನೀರು ಹೊಯ್ದ ಹಾಗಾಯ್ತು ನಾನು ಮಾಡಿದ್ದು. ಅದೇ ಏಪ್ರಿಲ್‌ನಲ್ಲಿ ಪಕ್ಕದ ಮರದ ಅಲೋಗೆ ನಿಜವಾಗಿ ನೀರು ಬೇಕಿತ್ತು. ಅದರ ಎಲೆ ಸುಕ್ಕಾಗಿ ಒಳಗೆ ಮಡಚಿಕೊಂಡಿತ್ತು. ಅದಕ್ಕೆ ‘ಲೋ’ ಅಂತ ಹಾಕಿಸಿರಲಿಲ್ಲ.

ಗಿಡ ಬೆಳೆಸೋರಿಗೆ ಒಂದು ಮಾತು. ಬಾಯಾರಿದ ಗಿಡದ ಎಲೆ ಸುಕ್ಕಾಗುತ್ತೆ, ಆದರೆ ಬುಡ ಗಟ್ಟಿಯಾಗಿರುತ್ತೆ. ಕೊಳೆತ ಗಿಡದ ಬುಡ ಮೆತ್ತಗಾಗುತ್ತೆ, ಎಲೆ ಹಳದಿಯಾಗಿ ಗಾಜಿನ ಹಾಗೆ ಕಾಣುತ್ತೆ. ತೊಂದರೆ ಏನಂದರೆ, ಬೇರು ಕೊಳೆಯೋಕೆ ಶುರುವಾದ ಗಿಡ ಮೊದಮೊದಲು ಬಾಯಾರಿದ ಗಿಡದ ಥರಾನೇ ಕಾಣುತ್ತೆ. ಬೇರು ಸತ್ತಿರುತ್ತೆ, ಸುತ್ತ ನೀರಿದ್ದರೂ ಕುಡಿಯೋಕೆ ಆಗಲ್ಲ, ಎಲೆ ಬಾಡುತ್ತೆ. ನಾವು ಅಯ್ಯೋ ಪಾಪ ಅಂತ ಇನ್ನೊಂದು ಬಕೆಟ್ ತರ್ತೀವಿ. ಬೆಂಗಳೂರಲ್ಲಿ ಇಂಥ ಗಿಡಗಳಿಗೆ ಬರಕ್ಕಿಂತ ಮಳೆಯೇ ದೊಡ್ಡ ಶತ್ರು. ಹಾಗಾಗಿ ನೆಲವನ್ನ ದಿಣ್ಣೆ ಮಾಡಿ, ಕೆಮ್ಮಣ್ಣಿಗೆ ಅರ್ಧಕ್ಕರ್ಧ ದಪ್ಪ ಮರಳು, ಜಲ್ಲಿ ಚೂರು ಸೇರಿಸಿ, ಬಿದ್ದ ನೀರು ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಬೆರಳನ್ನ ಎರಡು ಇಂಚು ಮಣ್ಣೊಳಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು. ಕೊಟ್ಟರೆ ತುಂಬಾ ಕೊಡಿ, ಆಮೇಲೆ ಸುಮ್ಮನಿರಿ. ದಿನಾ ಒಂದೊಂದು ಲೋಟ ಹಾಕೋದು ಮಾತ್ರ ಬೇಡ. ಅದು ನಮ್ಮ ಸಮಾಧಾನಕ್ಕೆ ಹಾಕೋ ನೀರು.

ಎಯೋನಿಯಂ ಸತ್ತ ಮೇಲೆ ಆ ‘ಲೋ’ ಅನ್ನೋ ಪದ ನನ್ನ ತಲೆ ಬಿಡಲಿಲ್ಲ. ಕಡಿಮೆಯಲ್ಲಿ ಬದುಕಬಲ್ಲದು ಅಂದರೆ ಅದಕ್ಕೆ ಕಡಿಮೆ ಸಾಕು ಅಂತ ಅರ್ಥವಾ? ಎರಡೂ ಒಂದೇ ಅಂತ ನಾವು ಎಷ್ಟು ಸಲೀಸಾಗಿ ಅಂದುಕೊಳ್ತೀವಿ! ಕತ್ತಾಳೆಗೆ ನೀರು ಬೇಡ ಅನ್ನೋದು ಸುಳ್ಳು. ಅದರ ಎಲೆ ಅಷ್ಟು ದಪ್ಪ ಇರೋದೇ ನೀರು ಬೇಕು ಅಂತ. ಮಳೆ ಬಿದ್ದ ಕೆಲವೇ ದಿನಕ್ಕೆ ಹೊಸ ಬೇರು ಬಿಟ್ಟು, ನೆಲದ ಮೇಲ್ಪದರದ ನೀರನ್ನ ಬೇಗ ಬೇಗ ಎಳೆದುಕೊಳ್ಳುತ್ತೆ. ಆಮೇಲೆ ತಿಂಗಳುಗಟ್ಟಲೆ ಆ ಉಳಿತಾಯ ತಿಂದುಕೊಂಡು ಸುಮ್ಮನಿರುತ್ತೆ. ಸುಮ್ಮನಿರೋದನ್ನ ನೋಡಿ ನಾವು ‘ವಾಟರ್: ಲೋ’ ಅಂತ ಬರೀತೀವಿ.

ಇನ್ನೂ ಒಂದು ಮರ ಇದೆ, ನಮ್ಮ ತೋಟದ್ದಲ್ಲ. ನಮೀಬಿಯಾ, ದಕ್ಷಿಣ ಆಫ್ರಿಕಾದ ಬೆಂಗಾಡಿನಲ್ಲಿ ಬೆಳೆಯೋ ದೊಡ್ಡ ಅಲೋ. ಅಲ್ಲಿನ ಸ್ಯಾನ್ ಜನ ಅದರ ಕೊಂಬೆ ಟೊಳ್ಳು ಮಾಡಿ ಬಾಣದ ಬತ್ತಳಿಕೆ ಮಾಡಿಕೊಳ್ತಿದ್ದರು. ಅದಕ್ಕೇ ಬತ್ತಳಿಕೆ ಮರ ಅಂತಲೇ ಹೆಸರು. ಬೆಂಗಳೂರಿನಲ್ಲಿ ಬೀಳೋ ಮಳೆಯ ಮೂರರಲ್ಲೊಂದು ಪಾಲೂ ಬೀಳದ ನೆಲ ಅದು. ಬರ ಮಿತಿ ಮೀರಿದಾಗ ಆ ಮರ ತನ್ನ ಕೊಂಬೆಯನ್ನ, ತುದಿಯ ರೋಸೆಟ್ ಸಮೇತ, ತಾನೇ ಕಳಚಿ ಕೆಡವುತ್ತೆ. ಗಾಯದ ಬಾಯಿ ಮುಚ್ಚಿಕೊಂಡು, ಉಳಿದ ಕೊಂಬೆಗಳಿಗೆ ನೀರು ಉಳಿಸುತ್ತೆ. ದೂರದಿಂದ ನೋಡಿದವರಿಗೆ ಮರ ನಿಂತೇ ಇರುತ್ತೆ. ಎಂಥಾ ಗಟ್ಟಿ ಮರ ಅಂತಾರೆ. ಕೆಳಗೆ ಬಿದ್ದಿರೋದನ್ನ ಯಾರೂ ಎಣಿಸಲ್ಲ.

ನನ್ನ ಪಕ್ಕದ ಫ್ಲ್ಯಾಟಿನ ಗೆಳೆಯನಿಗೆ ಇದನ್ನ ಹೇಳಿದಾಗ ಅವನು, ‘ಗುರೂ, ಗಿಡಕ್ಕೆ ನೋವಾಗಲ್ಲ, ಜಾಸ್ತಿ ಯೋಚನೆ ಮಾಡ್ಬೇಡ’ ಅಂದ. ಒಪ್ತೀನಿ. ಗಿಡಕ್ಕೆ ಅನ್ಯಾಯ ಆಯ್ತು ಅಂತ ನಾನು ಹೇಳ್ತಿಲ್ಲ. ನನಗೆ ತೊಂದರೆ ಆಗಿದ್ದು ಆ ಎಕ್ಸೆಲ್ ಶೀಟಿಂದ. ಯಾಕೆಂದರೆ ಅಂಥದ್ದೇ ಇನ್ನೊಂದು ಶೀಟ್ ನಾನೇ ಮಾಡಿದ್ದೆ.

ನಮ್ಮ ಟೀಮಲ್ಲಿ ಒಬ್ಬ ಹುಡುಗ ಇದ್ದ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೂ ಎದ್ದು ನೋಡೋನು, ಮಾರನೆಯ ದಿನ ಹತ್ತಕ್ಕೆ ಮೀಟಿಂಗಲ್ಲೂ ಇರೋನು. ಆನ್-ಕಾಲ್ ಪಟ್ಟಿ ಮಾಡ್ತಿದ್ದವನು ನಾನು. ಉಳಿದವರು ಮಗು, ಮದುವೆ, ಬೆನ್ನುನೋವು ಅಂತ ಏನಾದರೂ ಹೇಳೋರು. ಇವನು ಏನೂ ಹೇಳ್ತಿರಲಿಲ್ಲ. ಅಳೋ ಕೂಸಿಗೇ ಮೊದಲು ಹಾಲು ಅಂತಾರಲ್ಲ, ಅಳದೇ ಇರೋ ಕೂಸಿಗೆ ನಾನು ಹಬ್ಬದ ವಾರದ ಡ್ಯೂಟಿಗಳನ್ನೆಲ್ಲ ಹಾಕಿದೆ. ವರ್ಷದ ಕೊನೆಗೆ ಅವನ ರಿವ್ಯೂನಲ್ಲಿ ‘ರೆಸಿಲಿಯೆಂಟ್’ ಅಂತ ಬರೆದೆ. ಅದನ್ನ ಹೊಗಳಿಕೆ ಅಂತಲೇ ನಂಬಿದ್ದೆ. ಎರಡು ತಿಂಗಳಿಗೆ ಎರಡು ಸಾಲಿನ ಮೇಲ್ ಹಾಕಿ ಕೆಲಸ ಬಿಟ್ಟ. ಕಾರಣ ಕೇಳಿದಾಗ ‘ಎಲ್ಲಾ ಚೆನ್ನಾಗಿತ್ತು ಸರ್’ ಅಂದ.

ಇಷ್ಟರ ತನಕ ಬರೆಯೋದು ಸುಲಭ ಇತ್ತು.

ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಅವ್ವ ಊರಲ್ಲಿ ಒಬ್ಬಳೇ ಇದ್ದಾಳೆ. ನಾನು ದಿನಾ ಮಧ್ಯಾಹ್ನ ಊಟದ ಬ್ರೇಕಲ್ಲಿ, ಒಂದೂಕಾಲಿಗೆ, ಫೋನ್ ಮಾಡ್ತೀನಿ. ಚೆನ್ನಾಗಿದ್ದೀಯಾ, ಊಟ ಆಯ್ತಾ, ಮಾತ್ರೆ ತಗೊಂಡ್ಯಾ. ‘ಊ ಕನಪ್ಪ, ಚೆನ್ನಾಗಿವ್ನಿ, ನಂಗೇನಾಗದೆ?’ ಏನಾದ್ರೂ ಬೇಕಾ? ‘ನಂಗೇನ್ ಬೇಕು ಬುಡು ಮಗ.’ ನಾಲ್ಕು ನಿಮಿಷದಲ್ಲಿ ಮುಗಿಯುತ್ತೆ. ನಮ್ಮವ್ವ ಗಟ್ಟಿ, ಯಾರ ಹಂಗಿಗೂ ಬಿದ್ದೋಳಲ್ಲ ಅಂತ ಆಫೀಸಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೀನಿ.

ಕಳೆದ ವರ್ಷ ಶ್ರಾವಣದಲ್ಲಿ ಊರಿಗೆ ಹೋದಾಗ ಏನನ್ನೋ ಹುಡುಕ್ತಾ ಅವಳ ಟ್ರಂಕ್ ತೆಗೆದೆ. ಸೀರೆ ಮಡಿಕೆಯ ಕೆಳಗೆ ಸಕ್ಕರೆ ಕಾಯಿಲೆಯ ಮಾತ್ರೆ. ಯುಗಾದಿಗೆ ನಾನೇ ಮೂರು ತಿಂಗಳಿಗೆ ಆಗೋಷ್ಟು ತಂದುಕೊಟ್ಟಿದ್ದೆ. ಐದನೇ ತಿಂಗಳು ನಡೀತಿತ್ತು, ಇನ್ನೂ ಎರಡು ಸ್ಟ್ರಿಪ್ ಉಳಿದಿದ್ದವು.

ಕೇಳಿದೆ. ‘ಒಂದಿನ ಬುಟ್ಟು ಒಂದಿನ ತಕಂಡ್ರೂ ಏನೂ ಆಗ್ನಿಲ್ಲ ಬುಡ್ಲಾ’ ಅಂದಳು. ಯಾಕವ್ವಾ ಅಂದರೆ, ‘ಮುಗುದ್ರೆ ನಂಜನಗೂಡ್ಗೋಗಿ ತರ್ಬೇಕಲ್ಲ, ಮಂಡಿ ನೋವು, ಯಾರ್ನ ಅಂತ ಕೇಳದು?’

ದುಡ್ಡಿನ ಸಮಸ್ಯೆ ಅಲ್ಲ, ಪ್ರತಿ ತಿಂಗಳು ಒಂದನೇ ತಾರೀಕು ಅವಳ ಅಕೌಂಟಿಗೆ ಹೋಗುತ್ತೆ. ಬಸ್ಸಿನ ಸಮಸ್ಯೆ ಅಲ್ಲ, 2023ರ ಜೂನ್‌ನಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ಟೇ ಇಲ್ಲ. ಮನೆಯಿಂದ ಬಸ್ ಸ್ಟಾಪಿನ ತನಕ ಒಂದೂವರೆ ಕಿಲೋಮೀಟರ್. ಅಪ್ಪ ಇದ್ದಾಗ ಟಿವಿಎಸ್ಸಲ್ಲಿ ಕೂರಿಸಿಕೊಂಡು ಹೋಗ್ತಿದ್ದರು. ಹುಣ್ಣಿಮೆಗೆ ಶ್ರೀಕಂಠೇಶ್ವರನ ದರ್ಶನ, ಕಪಿಲೆಯಲ್ಲಿ ಕಾಲು ತೊಳೆದುಕೊಂಡು, ಬರ್ತಾ ಮಾತ್ರೆ. ಅಪ್ಪ ಹೋದ ಮೇಲೆ ಅವಳು ಎಷ್ಟು ಸಲ ನಂಜನಗೂಡಿಗೆ ಹೋಗಿದ್ದಾಳೆ ಅಂತ ನಾನು ಕೇಳಿಯೇ ಇರಲಿಲ್ಲ. ಮನೆಗೂ ಬಸ್ ಸ್ಟಾಪಿಗೂ ನಡುವಿನ ಒಂದೂವರೆ ಕಿಲೋಮೀಟರ್ ನನ್ನ ಯಾವ ಕಾಲಂನಲ್ಲೂ ಇರಲಿಲ್ಲ.

ಇಲ್ಲಿ ಬೆಂಜಮಿನ್ ಹೈನ್ ಅನ್ನೋನ ನೆನಪಾಗುತ್ತೆ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿ. ಟಿಪ್ಪು ಬಿದ್ದ ಮೇಲೆ ಲಾಲ್‌ಬಾಗ್ ಕಂಪನಿಯ ಕೈಗೆ ಬಂದಾಗ ಅದರ ಉಸ್ತುವಾರಿಗೂ ಬಂದವನು. ಅವನು ಇಂಡಿಯಾದಲ್ಲಿ ಗಮನಿಸಿದ ಒಂದು ಸಂಗತಿ 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯ್ತು. ನಾವು ಕಾಡುಬಸಳೆ ಅನ್ನೋ, ಎಯೋನಿಯಂ ಕುಟುಂಬದ್ದೇ ಆದ ಗಿಡದ ಎಲೆಯನ್ನ ಅವನು ಬೇರೆ ಬೇರೆ ಹೊತ್ತಲ್ಲಿ ಅಗಿದು ನೋಡಿದ. ಬೆಳಿಗ್ಗೆ ಹುಳಿ. ಮಧ್ಯಾಹ್ನಕ್ಕೆ ಸಪ್ಪೆ. ಸಂಜೆಗೆ ಕಹಿ. ಇಂಥ ಗಿಡಗಳು ಹಗಲು ಬಾಯಿ ಬಿಟ್ಟರೆ ನೀರೆಲ್ಲ ಆವಿಯಾಗುತ್ತೆ ಅಂತ ರಾತ್ರಿ ಮಾತ್ರ ಉಸಿರಾಡೋ ರಂಧ್ರ ತೆಗೆದು, ಎಳೆದುಕೊಂಡ ಗಾಳಿಯನ್ನ ಹುಳಿ ಮಾಡಿ ಇಟ್ಟುಕೊಳ್ತವೆ, ಬಿಸಿಲೇರಿದ ಹಾಗೆ ಅದನ್ನ ಖರ್ಚು ಮಾಡ್ತವೆ ಅಂತ ವಿಜ್ಞಾನಕ್ಕೆ ಗೊತ್ತಾಗೋಕೆ ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯ್ತು. ಅವನು ಮಾಡಿದ ದೊಡ್ಡ ಕೆಲಸ ಅಂದರೆ ಒಂದೇ ಎಲೆಯನ್ನ ಒಂದಕ್ಕಿಂತ ಹೆಚ್ಚು ಹೊತ್ತಲ್ಲಿ ರುಚಿ ನೋಡಿದ್ದು. ನಾನು ನಾಲ್ಕು ವರ್ಷ ಒಂದೂಕಾಲಿಗೇ ಫೋನ್ ಮಾಡ್ತಿದ್ದೆ.

ಆಮೇಲೆ ನಾನೇನು ಮಾಡಿದೆ ಅಂತ ನೀವು ಊಹಿಸಿರ್ತೀರಿ. ಬಕೆಟ್ ತಂದೆ. ಅವ್ವನನ್ನ ಬೆಂಗಳೂರಿಗೆ ಕರಕೊಂಡು ಬಂದೆ. ಒಂಬತ್ತನೇ ಮಹಡಿ. ಫುಲ್ ಬಾಡಿ ಚೆಕಪ್, ಮಂಡಿಗೆ ಫಿಸಿಯೋ, ವಾಕಿಂಗ್ ಶೂ, ಪ್ರೋಟೀನ್ ಪುಡಿ, ಅವಳ ರೂಮಿಗೇ ಒಂದು ಟೀವಿ. ಅವಳು ಅಡುಗೆಮನೆಗೆ ಬಂದರೆ ‘ಅವ್ವಾ, ನೀನು ಕೂತ್ಕೋ’. ಬಟ್ಟೆ ಮಡಚೋಕೆ ಕೈ ಹಾಕಿದರೆ ‘ಬಿಡವ್ವಾ’. ಮೂರನೇ ವಾರಕ್ಕೆ ಅವಳ ಊಟ ಅರ್ಧಕ್ಕಿಳಿಯಿತು. ನಾನು ಡಾಕ್ಟರ್ ಬದಲಾಯಿಸೋ ಯೋಚನೆಯಲ್ಲಿದ್ದೆ. ನನ್ನ ಹೆಂಡತಿ ಒಂದು ರಾತ್ರಿ, ‘ಅತ್ತೆಗೆ ಮಾಡೋಕೆ ಅಂತ ಒಂದು ಕೆಲಸಾನೂ ಬಿಟ್ಟಿಲ್ಲ ನೀವು’ ಅಂದಳು. ಅವಳಿಗೆ ಮೊದಲ ವಾರದಲ್ಲೇ ಕಂಡಿತ್ತಂತೆ. ಹೇಳಿದರೆ ನಾನು ಕೇಳೋ ಸ್ಥಿತಿಯಲ್ಲಿ ಇರಲಿಲ್ಲವಂತೆ. ಅದೂ ನಿಜ. ಅಷ್ಟೊಂದು ಮಾಡ್ತಿರುವಾಗ ನಮ್ಮ ತಪ್ಪು ಹೇಳೋರ ಮೇಲೆ ಕೋಪ ಬರುತ್ತೆ.

ಮಾರನೆಯ ದಿನ ಅವಳನ್ನ ಕೆಳಗೆ ತೋಟಕ್ಕೆ ಕರಕೊಂಡು ಹೋದೆ. ಗಿಡಗಳ ಮುಂದೆ ನಿಂತು ನೋಡಿದಳು. ಅಗೇವ್ ಎಲೆಯ ಅಂಚನ್ನ ಉಗುರಲ್ಲಿ ಸ್ವಲ್ಪ ಸೀಳಿ, ನಾರು ಎಳೆದು, ‘ಇದು ನಮ್ಮ ಕತ್ತಾಳೆ’ ಅಂದು ಮುಂಗೈ ತುರಿಸಿಕೊಂಡಳು. ಐವತ್ತು ವರ್ಷದ ಹಿಂದಿನ ಕಡಿತ. ಯುಕ್ಕಾ ಮುಟ್ಟಿ, ‘ಇದು ಕತ್ತಾಳೆ ಅಲ್ಲ, ಕತ್ತಾಳೆ ವೇಸ ಕಟ್ಟಿರದು’ ಅಂದಳು. ಮರದ ಅಲೋ ಮುಂದೆ ಕೂತಳು. ಸುಕ್ಕಾದ ಎಲೆಯನ್ನ ಎರಡು ಬೆರಳಲ್ಲಿ ಒತ್ತಿ, ಬುಡ ಅಲ್ಲಾಡಿಸಿ ನೋಡಿ, ‘ಇದ್ಕೆ ಒಂದಪ ನೀರ್ ಕೊಡ್ಲಾ, ಬುಡ ಗಟ್ಟಿಯಾಗದೆ’ ಅಂದಳು. ನಾನು ಪುಸ್ತಕ ಓದಿ, ಒಂದು ಗಿಡ ಕೊಂದು ಕಲಿತಿದ್ದನ್ನ ಅವಳು ಎರಡು ಬೆರಳಲ್ಲಿ ಹೇಳಿದಳು. ಆ ದಿನದಿಂದ ತೋಟದ ನೀರಿನ ಉಸ್ತುವಾರಿ ಅವಳದೇ ಆಯ್ತು. ಊಟವೂ ಸರಿಯಾಯ್ತು. ಆದರೂ ನಲವತ್ತನೇ ದಿನಕ್ಕೆ, ‘ಊರ್ಗೆ ಬುಟ್ಬಾ ಮಗ’ ಅಂದಳು. ನನಗೆ ನೆನಪಿರೋ ಮಟ್ಟಿಗೆ ಅವಳು ನನ್ನನ್ನ ನೇರವಾಗಿ ಕೇಳಿದ ಮೊದಲ ವಸ್ತು ಅದು.

ಇದನ್ನ ಓದಿ, ಹಾಗಾದರೆ ಅವರವರ ಪಾಡಿಗೆ ಬಿಟ್ಟುಬಿಡೋದೇ ಸರಿ ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ. ಬಿಟ್ಟುಬಿಡೋದನ್ನೇ ನಾನು ನಾಲ್ಕು ವರ್ಷ ಮಾಡಿದ್ದು, ಅದಕ್ಕೆ ಗೌರವ ಅಂತ ಹೆಸರಿಟ್ಟುಕೊಂಡಿದ್ದೆ. ನಿಜವಾಗಿಯೂ ಕಡಿಮೆ ಸಾಕು ಅನ್ನೋ ಜನ ಇದ್ದಾರೆ, ಅವರ ಮೇಲೆ ನಮ್ಮ ಬಕೆಟ್ ಹೊಯ್ಯೋದು ಅವಮಾನ. ಬೇಕಾಗಿದ್ದರೂ ತಡಕೊಳ್ಳೋರು ಇದ್ದಾರೆ. ಈಗ ಬೇಡ, ಆಮೇಲೆ ಬೇಕು ಅನ್ನೋರು ಇದ್ದಾರೆ. ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತೆ, ಕೇಳಿದರೆ ಮೂರರಿಂದಲೂ ಬರೋ ಉತ್ತರ ‘ನಂಗೇನ್ ಬೇಡ’. ಒಬ್ಬಳೇ ಮನುಷ್ಯಳಲ್ಲಿ ಮೂರೂ ಇರಬಹುದು. ಅವ್ವನಿಗೆ ಟೀವಿ ನಿಜವಾಗಿ ಬೇಡ. ಮಾತ್ರೆ ಬೇಕು, ತಡಕೊಳ್ತಾಳೆ. ನಂಜನಗೂಡು ಹುಣ್ಣಿಮೆಗೆ ಬೇಕು. ಇದು ನನಗೆ ತಿಳಿದಿದ್ದು ಯಾವ ದೊಡ್ಡ ತತ್ವದಿಂದಲೂ ಅಲ್ಲ, ಟ್ರಂಕಿನಲ್ಲಿ ಉಳಿದಿದ್ದ ಸ್ಟ್ರಿಪ್ಪಿಂದ. ಗಟ್ಟಿಗರ ಬಗ್ಗೆ ನಮಗಿರೋ ಮೆಚ್ಚುಗೆಯಲ್ಲಿ ಎಷ್ಟು ಪಾಲು ನಮ್ಮ ಅನುಕೂಲ ಅನ್ನೋದನ್ನ ನಾನಿನ್ನೂ ಲೆಕ್ಕ ಹಾಕಿ ಮುಗಿಸಿಲ್ಲ.

ಈಗ ತಿಂಗಳಿಗೊಮ್ಮೆ, ಆದಷ್ಟೂ ಹುಣ್ಣಿಮೆ ಹತ್ತಿರದ ಶನಿವಾರ, ಊರಿಗೆ ಹೋಗ್ತೀನಿ. ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡೋದು ಬಿಟ್ಟು ಒಂದೊಂದೇ ತಿಂಗಳದ್ದು ತರ್ತೀವಿ, ಇಬ್ಬರೂ ಹೋಗಿ. ಕೆಲವು ತಿಂಗಳು ರಿಲೀಸ್ ಇದ್ದು ತಪ್ಪಿದೆ, ಸುಳ್ಳು ಹೇಳಲ್ಲ. ಫೋನು ರಾತ್ರಿ ಒಂಬತ್ತಕ್ಕೆ. ಮಾತ್ರೆ ತಗೊಂಡ್ಯಾ ಅಂತ ಕೇಳಲ್ಲ.

ಮೊನ್ನೆ ಮಂಗಳವಾರ, ‘ಅವ್ವಾ, ಮಾತ್ರೆ ಡಬ್ಬಿ ತಗೊಂಡು ಬಂದು ಎಷ್ಟು ಉಳಿದಿದೆ ಎಣಿಸಿ ಹೇಳು’ ಅಂದೆ.

‘ನೀನೇನ್ ಲೆಕ್ಕದ್ ಮೇಷ್ಟ್ರಾ? ಒಳ್ಳೆ ಪೊಲೀಸ್ನೋರ್ ಕೇಳ್ದಂಗೆ ಕೇಳ್ತಿಯಲ್ಲ’ ಅಂತ ಬೈದುಕೊಂಡು ಎದ್ದಳು. ಡಬ್ಬಿ ತೆಗೆದ ಸದ್ದು, ಕನ್ನಡಕ ಹುಡುಕಿದ ಸದ್ದು. ಒಂದೊಂದೇ ಎಣಿಸಿದಳು.

‘ಅದ್ನೇಳು.’

ನನ್ನ ಲೆಕ್ಕದಲ್ಲಿ ಹದಿನಾಲ್ಕು ಇರಬೇಕಿತ್ತು.

‘ಯಾಕ್ ಸುಮ್ನಾದೆ?’ ಅಂದಳು. ‘ನಿನ್ ತೋಟದ್ ಗಿಡ್ಗಳು ಎಂಗವೆ?’

‘ಚೆನ್ನಾಗವೆ’ ಅಂದೆ. ಇನ್ನೊಂದು ಕೈಯಲ್ಲಿ ಶನಿವಾರದ ರೈಲಿಗೆ ಸೀಟು ಇದೆಯಾ ಅಂತ ನೋಡ್ತಿದ್ದೆ.